ಟ್ಯಾಂಪನ್ ಅರ್ಧಕ್ಕೇ ನಿಂತರೆ ದೋಷ ದೇಹದ್ದಲ್ಲ

ಪ್ರಶ್ನೆ: ನನಗೆ 23 ವರ್ಷ. ಮೊದಲ ಮುಟ್ಟಿನಿಂದ ಈವರೆಗೆ ಪ್ಯಾಡ್ ಮಾತ್ರ ಬಳಸಿದ್ದೇನೆ. ಈಚೆಗೆ ಈಜು ಕಲಿಯಲು ಸೇರಿದ್ದು, ಮುಟ್ಟಿನ ದಿನಗಳಲ್ಲಿ ತರಗತಿ ತಪ್ಪಬಾರದೆಂದು ಟ್ಯಾಂಪನ್ (ಯೋನಿಯೊಳಗೆ ಇಟ್ಟು ಮುಟ್ಟಿನ ರಕ್ತ ಹೀರಿಸುವ, ಹೊರಗೆ ಎಳೆಯಲು ದಾರವಿರುವ ಹತ್ತಿಯ ಸುರುಳಿ) ತಂದೆ. ಸೋರುವ ಭಯದಿಂದ ಹೆಚ್ಚು ಹೀರುವ ದಪ್ಪದ್ದನ್ನೇ ಆರಿಸಿಕೊಂಡೆ. ಮೊದಲು ಅಭ್ಯಾಸವಾಗಲಿ ಎಂದು, ಸ್ರಾವ ಬಹುತೇಕ ನಿಂತಿದ್ದ ನಾಲ್ಕನೆಯ ದಿನ ಪ್ರಯತ್ನಿಸಿದೆ. ಸ್ವಲ್ಪ ಒಳಗೆ ಹೋಗಿ ಗೋಡೆಗೆ ತಾಗಿದಂತೆ ನಿಂತುಬಿಟ್ಟಿತು. ಒತ್ತಿದರೆ ಉರಿ, ಕುಳಿತರೆ ಚುಚ್ಚುವಿಕೆ. ಹೊರಗೆ ಎಳೆಯುವಾಗ ಇನ್ನೂ ನೋವಾಗಿ ಬೆವರಿದೆ, ಕಣ್ಣು ಕತ್ತಲಿಟ್ಟಿತು. ಮುಂದಿನ ತಿಂಗಳೂ ಇದೇ ಆಯಿತು. ನನಗೆ ಲೈಂಗಿಕ ಸಂಪರ್ಕದ ಅನುಭವವಿಲ್ಲ. ಪೊರೆ ಹರಿದುಹೋಗುತ್ತದೆ ಎಂದು ಗೆಳತಿ ಹೆದರಿಸುತ್ತಾಳೆ. ಒಳಗೇ ಕಳೆದುಹೋದರೆ ಆಪರೇಷನ್ ಮಾಡಬೇಕಾಗುತ್ತದೆ ಎಂದು ಅಕ್ಕ ಹೇಳುತ್ತಾಳೆ. ಟ್ಯಾಂಪನ್‌ನಿಂದ ಪ್ರಾಣ ಹೋದ ಸುದ್ದಿಯನ್ನೂ ಓದಿದ್ದೇನೆ. ನನ್ನ ದೇಹದ ರಚನೆಯಲ್ಲೇ ಏನಾದರೂ ದೋಷವಿದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಗೊತ್ತಿಲ್ಲದೆಯೇ ಉತ್ತರದ ಬಹುಭಾಗವನ್ನು ನೀವೇ ಬರೆದು ಕಳಿಸಿದ್ದೀರಿ. ದಪ್ಪದ್ದನ್ನು ಆರಿಸಿದ್ದು, ಸ್ರಾವ ನಿಂತ ದಿನ ಪ್ರಯತ್ನಿಸಿದ್ದು, ಗೋಡೆಗೆ ತಾಗಿದಂತೆ ಆದದ್ದು, ಕಣ್ಣು ಕತ್ತಲಿಟ್ಟದ್ದು, ಈ ನಾಲ್ಕು ಸಂಗತಿಗಳನ್ನು ಜೋಡಿಸಿ ನೋಡಿದರೆ ದೇಹದ ದೋಷಕ್ಕಿಂತ ಮೊದಲು ಬೇರೆ ಕಾರಣಗಳೇ ಕಾಣುತ್ತವೆ. ನಿಮಗೆ ಪ್ರತಿ ತಿಂಗಳು ಮುಟ್ಟಿನ ರಕ್ತ ಹೊರಬರುತ್ತಿದೆ, ಅಂದರೆ ದಾರಿ ಇದೆ. ಆ ದಾರಿ ಯಾವ ಕಡೆಗೆ ಸಾಗುತ್ತದೆ ಎಂಬುದನ್ನು ಬಹುಶಃ ಯಾರೂ ನಿಮಗೆ ಹೇಳಿಕೊಟ್ಟಿಲ್ಲ.

ಮೊದಲು ಆ ಗೋಡೆಯ ವಿಚಾರ. ಹೆಚ್ಚಿನವರ ಮನಸ್ಸಿನಲ್ಲಿ ಯೋನಿ ಎಂದರೆ ನೇರವಾಗಿ ಮೇಲಕ್ಕೆ ಹೋಗುವ ಒಂದು ಟೊಳ್ಳು ಕೊಳವೆ. ನಿಂತುಕೊಂಡು ಟ್ಯಾಂಪನ್ ಇಡುವಾಗ ಕೈ ತಾನಾಗಿಯೇ ಅದನ್ನು ಹೊಕ್ಕುಳಿನ ಕಡೆಗೆ ತಳ್ಳುತ್ತದೆ. ನಿಜದಲ್ಲಿ ಯೋನಿ ಹಿಂದಕ್ಕೆ ಓರೆಯಾಗಿದೆ. ದ್ವಾರದಿಂದ ಹೊರಟು ಸೊಂಟದ ಹಿಂಭಾಗದ, ಬೆನ್ನುಮೂಳೆಯ ತುದಿಯ ಕಡೆಗೆ ವಾಲಿಕೊಂಡು ಹೋಗುತ್ತದೆ. ಅದರ ಉದ್ದ ಸಾಮಾನ್ಯವಾಗಿ 7ರಿಂದ 10 ಸೆಂಟಿಮೀಟರ್. ಟೊಳ್ಳು ಎಂಬುದೂ ಸರಿಯಲ್ಲ. ಮಡಿಸಿಟ್ಟ ಬಟ್ಟೆಯ ಪದರಗಳಂತೆ ಅದರ ಮುಂದಿನ ಮತ್ತು ಹಿಂದಿನ ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಏನಾದರೂ ಒಳಗೆ ಬಂದಾಗ ಮಾತ್ರ ಸರಿದು ಜಾಗ ಕೊಡುತ್ತವೆ. ಹೀಗಿರುವಾಗ ಟ್ಯಾಂಪನ್ ನೇರ ಮೇಲಕ್ಕೆ ಹೋದರೆ ಮೂತ್ರಕೋಶದ ಕೆಳಗಿರುವ ಮುಂದಿನ ಗೋಡೆಗೆ ಒತ್ತಿ ನಿಲ್ಲುತ್ತದೆ. ನೀವು ಮುಟ್ಟಿದ ಗೋಡೆ ಬಹುತೇಕ ಅದೇ. ಇನ್ನಷ್ಟು ಒತ್ತಿದ್ದರಿಂದ ನೋವು ಹೆಚ್ಚಿತೇ ಹೊರತು ದಾರಿ ತೆರೆಯಲಿಲ್ಲ.

ಕುಳಿತಾಗ ಚುಚ್ಚಿದ್ದಕ್ಕೂ ಇಲ್ಲೇ ವಿವರಣೆ ಸಿಗುತ್ತದೆ. ಯೋನಿಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಸ್ಪರ್ಶ ತಿಳಿಯುವ ನರಗಳು ಹೇರಳವಾಗಿವೆ. ಮೇಲಿನ ಭಾಗದಲ್ಲಿ ಬಹಳ ಕಡಿಮೆ. ಸಾಕಷ್ಟು ಒಳಗೆ ಕುಳಿತ ಟ್ಯಾಂಪನ್ ಇದೆಯೋ ಇಲ್ಲವೋ ಎಂಬುದೇ ಮರೆತುಹೋಗುವುದು ಈ ಕಾರಣಕ್ಕೆ. ಅರ್ಧ ದಾರಿಯಲ್ಲಿ ನಿಂತದ್ದು ಪ್ರತಿ ಹೆಜ್ಜೆಗೂ ನೆನಪಿಸುತ್ತದೆ. ಹೆದರಿಕೊಂಡು ಸ್ವಲ್ಪವೇ ಒಳಗೆ ಇಟ್ಟರೆ ಸುರಕ್ಷಿತ ಎಂದು ಅನೇಕರು ಎಣಿಸುತ್ತಾರೆ. ಆದರೆ ಹೆಚ್ಚು ನೋಯುವ ಜಾಗ ಅದೇ.

ಇನ್ನು ಸ್ನಾಯುಗಳ ವಿಚಾರ. ನನ್ನ ಅನುಭವದಲ್ಲಿ ಕೋನಕ್ಕಿಂತಲೂ ದೊಡ್ಡ ಕಾರಣ ಇದು. ಯೋನಿ, ಮೂತ್ರದ್ವಾರ, ಗುದದ್ವಾರ ಮೂರನ್ನೂ ಸುತ್ತುವರಿದು, ಕಿಬ್ಬೊಟ್ಟೆಯ ತಳವನ್ನು ಜೋಲಿಯಂತೆ ಎತ್ತಿ ಹಿಡಿದಿರುವ ಸ್ನಾಯುಗಳಿವೆ. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವುದು ಇವೇ. ನೋವಾಗಬಹುದು ಎಂಬ ಯೋಚನೆ ಬಂದರೆ ಸಾಕು, ಕಣ್ಣಿಗೆ ಧೂಳು ಬರುವಾಗ ರೆಪ್ಪೆ ಮುಚ್ಚಿಕೊಳ್ಳುವಂತೆ ಇವು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಪರೀಕ್ಷೆಯ ಮಂಚದ ಮೇಲೆ ಮಲಗಿದವರ ಕಾಲ್ಬೆರಳುಗಳನ್ನು ನಾನು ಮೊದಲು ನೋಡುತ್ತೇನೆ. ಬಾಯಿ 'ಪರವಾಗಿಲ್ಲ ಡಾಕ್ಟರ್' ಎನ್ನುತ್ತಿದ್ದರೂ ಬೆರಳುಗಳು ಒಳಕ್ಕೆ ಮುದುಡಿಕೊಂಡಿದ್ದರೆ ಕೆಳಗಿನ ಸ್ನಾಯುಗಳೂ ಬಿಗಿದಿವೆ ಎಂದೇ ಅರ್ಥ. ಆಗ ಕೈ ಹಿಂದೆ ತೆಗೆದು ಕಾಯುತ್ತೇನೆ. ಉಸಿರು ಇಳಿದು, ಒಂದೊಂದೇ ಬೆರಳು ಬಿಚ್ಚಿಕೊಂಡು, ತೊಡೆ ಮಂಚಕ್ಕೆ ಒರಗಿದ ಮೇಲೆ ಅದೇ ಪರೀಕ್ಷೆ ನೋವಿಲ್ಲದೆ ಮುಗಿಯುತ್ತದೆ. ಆ ಎರಡು ನಿಮಿಷಗಳಲ್ಲಿ ಆ ಹುಡುಗಿಯ ದೇಹದ ರಚನೆ ಬದಲಾಗಿರುವುದಿಲ್ಲ. ಬದಲಾದದ್ದು ಬಿಗಿತ ಒಂದೇ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ: 'ನನ್ನ ದ್ವಾರವೇ ಚಿಕ್ಕದು' ಎಂದು ನಂಬಿಕೊಂಡು ವರ್ಷಗಟ್ಟಲೆ ಒಳಗೊಳಗೇ ಕೊರಗಿದವರನ್ನು ಬಹಳ ನೋಡಿದ್ದೇನೆ.

ನಿಮಗೆ ಬೆವರಿ ಕಣ್ಣು ಕತ್ತಲಿಟ್ಟದ್ದು ಟ್ಯಾಂಪನ್‌ನ ವಿಷವಲ್ಲ. ನೋವು ಮತ್ತು ಭಯ ಒಟ್ಟಿಗೆ ಬಂದಾಗ ನರಗಳ ಪ್ರತಿಕ್ರಿಯೆಯಿಂದ ನಾಡಿಬಡಿತ ನಿಧಾನವಾಗಿ, ರಕ್ತದೊತ್ತಡ ಒಮ್ಮೆಲೇ ಇಳಿಯುವುದುಂಟು. ಇಂಜೆಕ್ಷನ್ ಕಂಡು ಕೆಲವರು ತಲೆತಿರುಗಿ ಬೀಳುವುದೂ ಹೀಗೆಯೇ. ಒಮ್ಮೆ ಹಾಗೆ ಆಗಿರುವುದರಿಂದ ಮುಂದಿನ ಸಲ ಬಚ್ಚಲಿನಲ್ಲಿ ನಿಂತು ಪ್ರಯತ್ನಿಸಬೇಡಿ, ಕೋಣೆಯಲ್ಲಿ ಮಲಗಿಕೊಂಡು ಪ್ರಯತ್ನಿಸಿ. ತಲೆ ಹಗುರವಾದಂತೆ ಅನ್ನಿಸಿದರೆ ಅಲ್ಲಿಗೇ ಬಿಟ್ಟು, ಕಾಲುಗಳನ್ನು ದಿಂಬಿನ ಮೇಲೆ ಎತ್ತಿಡಿ.

ದಪ್ಪದ್ದನ್ನು ಆರಿಸಿದ್ದೂ ಸ್ರಾವ ನಿಂತ ದಿನ ಇಟ್ಟದ್ದೂ ಒಂದಕ್ಕೊಂದು ಕೂಡಿ ನೋವು ತಂದವು. ಟ್ಯಾಂಪನ್ ಪೆಟ್ಟಿಗೆಯ ಮೇಲಿನ ಲೈಟ್, ರೆಗ್ಯುಲರ್, ಸೂಪರ್ ಎಂಬ ಪದಗಳು ವಯಸ್ಸನ್ನಾಗಲಿ ದೇಹದ ಗಾತ್ರವನ್ನಾಗಲಿ ಸೂಚಿಸುವುದಿಲ್ಲ, ಎಷ್ಟು ಹೀರುತ್ತದೆ ಎಂಬುದನ್ನು ಸೂಚಿಸುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಲೆಕ್ಕದಂತೆ ಲೈಟ್ ಎಂದರೆ 6 ಗ್ರಾಂವರೆಗೆ, ರೆಗ್ಯುಲರ್ 6ರಿಂದ 9, ಸೂಪರ್ 9ರಿಂದ 12 ಗ್ರಾಂ. ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್ ಮಾತ್ರ, ಅದೂ ಹೆಚ್ಚಾಗಿ ಮೊದಲ ಎರಡು ಮೂರು ದಿನಗಳಲ್ಲಿ. ನಾಲ್ಕನೆಯ ದಿನ ಹೀರಲು ರಕ್ತವಿಲ್ಲದಾಗ ದಪ್ಪ ಟ್ಯಾಂಪನ್ ಯೋನಿಯ ಸಹಜ ತೇವವನ್ನೇ ಹೀರಿಕೊಳ್ಳುತ್ತದೆ. ಒಣಗಿದ ಹತ್ತಿ ಒಣಗಿದ ಚರ್ಮಕ್ಕೆ ಉಜ್ಜುತ್ತಾ ಹೊರಬಂದರೆ ಉರಿಯದೆ ಇರುತ್ತದೆಯೇ? ಸ್ರಾವ ಕಡಿಮೆ ಇರುವ ದಿನ ಅಭ್ಯಾಸ ಮಾಡೋಣ ಎಂಬ ನಿಮ್ಮ ಯೋಚನೆ ಮೇಲ್ನೋಟಕ್ಕೆ ವಿವೇಕದ್ದೇ, ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ಕಲಿಯಲು ಒಳ್ಳೆಯ ದಿನವೆಂದರೆ ಸ್ರಾವ ಚೆನ್ನಾಗಿ ಇರುವ ಎರಡನೆಯ ದಿನ, ಸಿಗುವುದರಲ್ಲೆಲ್ಲ ತೆಳುವಾದ ಟ್ಯಾಂಪನ್‌ನೊಂದಿಗೆ. ಸೋರುವ ಭಯವಿದ್ದರೆ ಜೊತೆಗೆ ಒಂದು ತೆಳು ಪ್ಯಾಡ್ ಇಟ್ಟುಕೊಳ್ಳಿ.

ಗೆಳತಿಯ ಎಚ್ಚರಿಕೆಗೆ ಬರುತ್ತೇನೆ. ಕನ್ಯಾಪೊರೆ ಎಂಬ ಹೆಸರೇ ತಪ್ಪು ದಾರಿಗೆ ಎಳೆಯುತ್ತದೆ. ನಾನು ಯೋನಿಪೊರೆ ಎನ್ನುತ್ತೇನೆ. ಅದು ಡಬ್ಬಿಯ ಬಾಯಿಗೆ ಬಿಗಿದ ಮುಚ್ಚಳದಂತೆ ಇರುವುದಿಲ್ಲ. ದ್ವಾರದ ಅಂಚಿನ ಸುತ್ತ ಅಥವಾ ಒಂದು ಪಕ್ಕದಲ್ಲಿ ನೆರಿಗೆಯಂತೆ ಇರುವ ಮೃದುವಾದ ಅಂಗಾಂಶ ಅದು, ಬಹುತೇಕ ಎಲ್ಲರಲ್ಲೂ ನಡುವೆ ತೆರಪು ಇರುತ್ತದೆ. ಹರೆಯದ ಹಾರ್ಮೋನುಗಳಿಂದ ಅದು ಹಿಗ್ಗುವ ಗುಣ ಪಡೆದಿರುತ್ತದೆ. ತೆಳುವಾದ ಟ್ಯಾಂಪನ್ ಹೋದಾಗ ಸಾಮಾನ್ಯವಾಗಿ ಹಿಗ್ಗಿ ಜಾಗ ಬಿಡುತ್ತದೆ. ಕೆಲವರಲ್ಲಿ ಅಂಚು ತುಸು ಸೀಳಿ ಒಂದೆರಡು ಹನಿ ರಕ್ತ ಬರಬಹುದು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಪೊರೆಯನ್ನು ನೋಡಿ ಒಬ್ಬ ಹೆಣ್ಣಿಗೆ ಲೈಂಗಿಕ ಸಂಪರ್ಕ ಆಗಿದೆಯೋ ಇಲ್ಲವೋ ಎಂದು ಯಾವ ವೈದ್ಯರೂ ಹೇಳಲಾರರು, ನಾನೂ ಹೇಳಲಾರೆ. ಅಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ಎಲ್ಲೆಡೆ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ವಿಶ್ವಸಂಸ್ಥೆಯ ಇತರ ಅಂಗಗಳೊಡನೆ ಸೇರಿ ಕರೆಕೊಟ್ಟಿದೆ. ಟ್ಯಾಂಪನ್ ಬಳಸುವುದು ಲೈಂಗಿಕ ಕ್ರಿಯೆಯಲ್ಲ. ಮುಟ್ಟಿನ ರಕ್ತವನ್ನು ಹೊರಗಿನ ಬದಲು ಒಳಗೆ ಹಿಡಿದಿಡುವ ಒಂದು ವಿಧಾನ, ಅಷ್ಟೆ.

ಹಾಗೆಂದು ಪೊರೆಯ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕೆಲವೇ ಕೆಲವರಲ್ಲಿ ಅದರ ತೆರಪು ತೀರಾ ಸಣ್ಣದಾಗಿರುತ್ತದೆ. ಇನ್ನು ಕೆಲವರಲ್ಲಿ ನಡುವೆ ಒಂದು ಎಳೆ ಅಡ್ಡಗಟ್ಟಿ ಒಂದು ದ್ವಾರ ಎರಡಾದಂತೆ ಕಾಣುತ್ತದೆ. ಈ ಎರಡನೆಯವರ ಕಷ್ಟ ವಿಚಿತ್ರ. ಟ್ಯಾಂಪನ್ ಎಳೆಯ ಪಕ್ಕದಿಂದ ಒಳಗೇನೋ ಹೋಗುತ್ತದೆ, ರಕ್ತ ಹೀರಿ ಉಬ್ಬಿದ ಮೇಲೆ ಎಳೆಗೆ ಸಿಕ್ಕಿಕೊಂಡು ಬರುವುದಿಲ್ಲ. ನಿಮಗೆ ಒಳಗೆ ಹೋಗುವುದೇ ತೊಡಕಾಗಿರುವುದರಿಂದ ಇದೇ ಇರಬಹುದೆಂದು ನನಗೆ ತೋರುವುದಿಲ್ಲ. ಆದರೂ ಮುಂದೆ ಹೇಳುವ ಕ್ರಮದಲ್ಲಿ ಬೆರಳಿಗೆ ದ್ವಾರದ ನಡುವೆ ದಾರದಂಥ, ಪಟ್ಟಿಯಂಥ ಏನಾದರೂ ತಾಗಿದರೆ ನಿಲ್ಲಿಸಿ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಸಣ್ಣ ಚಿಕಿತ್ಸೆಯಲ್ಲಿ ಅದು ಶಾಶ್ವತವಾಗಿ ಸರಿಹೋಗುತ್ತದೆ.

ಅಕ್ಕನ ಭಯಕ್ಕೆ ಉತ್ತರ ಚಿಕ್ಕದು. ಯೋನಿಯ ಮೇಲ್ತುದಿಯಲ್ಲಿ ಗರ್ಭಕಂಠ ಇದೆ, ಅದರ ಬಾಯಿ ಕೆಲವು ಮಿಲಿಮೀಟರ್ ಅಗಲದ ಸಣ್ಣ ರಂಧ್ರ. ರಕ್ತ ಜಿನುಗಿ ಬರಲು ಅಷ್ಟು ಸಾಕು, ಟ್ಯಾಂಪನ್ ಅದನ್ನು ದಾಟಲಾರದು. ದಾರ ಒಳಗೆ ಸೇರಿಕೊಂಡರೆ ಕುಕ್ಕರುಗಾಲಿನಲ್ಲಿ ಕುಳಿತು, ಮಲವಿಸರ್ಜನೆಗೆ ಮುಕ್ಕುವಂತೆ ಮುಕ್ಕಿ ಬೆರಳಿನಿಂದ ತೆಗೆಯಬಹುದು. ಆಗಲಿಲ್ಲವೆಂದರೆ ವೈದ್ಯರು ಒಂದೆರಡು ನಿಮಿಷದಲ್ಲಿ ತೆಗೆಯುತ್ತಾರೆ, ಆಪರೇಷನ್ ಬೇಕಿಲ್ಲ. ಒಂದು ಇಟ್ಟದ್ದನ್ನು ಮರೆತು ಮೇಲೆ ಇನ್ನೊಂದು ಇಟ್ಟುಕೊಂಡು, ವಾರದ ಮೇಲೆ ತಡೆಯಲಾರದ ದುರ್ವಾಸನೆಯೊಂದಿಗೆ ನಾಚಿಕೆಯಿಂದ ಬರುವವರಿದ್ದಾರೆ. ನಾಚಿಕೆ ಬೇಡ, ಬೇಗ ಬನ್ನಿ ಎನ್ನುವುದಷ್ಟೇ ನನ್ನ ಕೋರಿಕೆ. ಮೂತ್ರ ಹೋಗಲು ಟ್ಯಾಂಪನ್ ತೆಗೆಯಬೇಕಿಲ್ಲ, ಮೂತ್ರದ್ವಾರ ಅದಕ್ಕಿಂತ ಮುಂದೆ, ಬೇರೆಯೇ ಇದೆ.

ಪ್ರಾಣ ಹೋದ ಸುದ್ದಿ ಮಾತ್ರ ಕಟ್ಟುಕಥೆಯಲ್ಲ. ಅದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ಆ ಕಾಯಿಲೆಯ ಹೆಸರು ಟಾಕ್ಸಿಕ್ ಶಾಕ್ ಸಿಂಡ್ರೋಮ್. 1978ರಲ್ಲಿ ಅದಕ್ಕೆ ಈ ಹೆಸರು ಕೊಟ್ಟು ವಿವರಿಸಿದಾಗ ರೋಗಿಗಳಾಗಿದ್ದವರು ಮಕ್ಕಳು. 1980ರಲ್ಲಿ ಅಮೆರಿಕದಲ್ಲಿ ಟ್ಯಾಂಪನ್ ಬಳಸುತ್ತಿದ್ದ ಮಹಿಳೆಯರಲ್ಲಿ ಅದು ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡಿತು. ವಿಪರೀತ ಹೀರುವಂತೆ ಮಾಡಿದ್ದ ರಿಲೈ ಎಂಬ ಟ್ಯಾಂಪನ್ ಅನ್ನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಲಾಯಿತು. ಕಾಯಿಲೆ ಬರುವುದು ಒಳಗೆ ನಿಂತ 'ಕೆಟ್ಟ ರಕ್ತ'ದಿಂದ ಅಲ್ಲ. ಸ್ಟಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ, ಕೆಲವರ ಯೋನಿಯಲ್ಲಿ ತೊಂದರೆ ಕೊಡದೆ ಇರುತ್ತದೆ. ಅದರ ಕೆಲವು ತಳಿಗಳು ಮಾತ್ರ ಒಂದು ವಿಷವನ್ನು ತಯಾರಿಸಬಲ್ಲವು. ಟ್ಯಾಂಪನ್‌ನ ಎಳೆಗಳ ನಡುವೆ ಗಾಳಿಯೂ ಒಳಗೆ ಹೋಗುವುದರಿಂದ, ಆಮ್ಲಜನಕ ಸಿಕ್ಕ ಅವು ವಿಷ ಹೊರಹಾಕಲು ಅನುಕೂಲವಾಗುತ್ತದೆ. ವಯಸ್ಕರಲ್ಲಿ ಹೆಚ್ಚಿನವರ ರಕ್ತದಲ್ಲಿ ಈ ವಿಷವನ್ನು ಎದುರಿಸುವ ಪ್ರತಿಕಾಯಗಳು ಈಗಾಗಲೇ ಇರುತ್ತವೆ. ಆದ್ದರಿಂದ ಕಾಯಿಲೆ ಬಹಳ ಅಪರೂಪ. ಆದರೆ ಬಂದರೆ ಗಂಟೆಗಳ ಲೆಕ್ಕದಲ್ಲಿ ಉಲ್ಬಣಿಸುತ್ತದೆ.

ಇದಕ್ಕಾಗಿ ಕೆಲವು ವಿಷಯಗಳಲ್ಲಿ ನಾನು ಸಡಿಲಿಕೆ ಕೊಡುವುದಿಲ್ಲ. ನಾಲ್ಕರಿಂದ ಎಂಟು ಗಂಟೆಗೊಮ್ಮೆ ಬದಲಿಸಬೇಕು, ಎಂಟು ದಾಟಲೇಬಾರದು. ರಾತ್ರಿ ಎಷ್ಟು ಹೊತ್ತು ಮಲಗುತ್ತೀರೋ ಖಚಿತವಿಲ್ಲದಿದ್ದರೆ ಪ್ಯಾಡ್ ಬಳಸಿ. ಸ್ರಾವಕ್ಕೆ ಸಾಕಾಗುವಷ್ಟೇ ಹೀರುವುದನ್ನು ಆರಿಸಿ, ಮುಟ್ಟಿಲ್ಲದ ದಿನ ಬಿಳಿಸ್ರಾವಕ್ಕೆಂದು ಟ್ಯಾಂಪನ್ ಇಡಬೇಡಿ. ಟ್ಯಾಂಪನ್ ಇದ್ದಾಗ, ಅಥವಾ ಮುಟ್ಟಿನ ಆಸುಪಾಸಿನ ದಿನಗಳಲ್ಲಿ, ಇದ್ದಕ್ಕಿದ್ದಂತೆ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಜ್ವರ, ವಾಂತಿ, ಭೇದಿ, ಬಿಸಿಲಿಗೆ ಸುಟ್ಟಂಥ ಕೆಂಪು ದದ್ದು, ತಲೆಸುತ್ತು ಕಾಣಿಸಿದರೆ ಟ್ಯಾಂಪನ್ ತೆಗೆದು ನೇರ ಆಸ್ಪತ್ರೆಗೆ ಹೋಗಿ. ಹೋದ ಕೂಡಲೇ 'ಟ್ಯಾಂಪನ್ ಬಳಸುತ್ತಿದ್ದೆ' ಎಂದು ಬಾಯಿಬಿಟ್ಟು ಹೇಳಿ. ವೈದ್ಯರು ಕೇಳದೆ ಹೋಗಬಹುದು, ಆ ಒಂದು ಮಾತು ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ. ಹಿಂದೊಮ್ಮೆ ಈ ಕಾಯಿಲೆ ಬಂದವರು ಟ್ಯಾಂಪನ್ ಬಳಸಲೇಬಾರದು.

ಈಗ ಮೂರನೆಯ ಪ್ರಯತ್ನದ ವಿಚಾರ. ಟ್ಯಾಂಪನ್ ಮುಟ್ಟುವ ಮೊದಲು ಒಂದು ದಿನ ಕನ್ನಡಿ ಹಿಡಿದು ನಿಮ್ಮನ್ನು ನೀವು ನೋಡಿಕೊಳ್ಳಿ. ವಿದ್ಯಾವಂತ ಮಹಿಳೆಯರಲ್ಲೂ ಇದನ್ನು ಎಂದೂ ಮಾಡದವರೇ ಹೆಚ್ಚು, ಅದರಲ್ಲಿ ತಪ್ಪೇನೂ ಇಲ್ಲ. ಮುಂದೆ ಸಣ್ಣದಾಗಿ ಮೂತ್ರದ್ವಾರ, ಅದರ ಹಿಂದೆ ಯೋನಿದ್ವಾರ, ಕೊನೆಗೆ ಗುದದ್ವಾರ. ಕೈ ತೊಳೆದು, ಉಗುರು ಕತ್ತರಿಸಿದ ಒಂದು ಬೆರಳನ್ನು ನಿಧಾನವಾಗಿ, ಹಿಂದಕ್ಕೆ ಓರೆಯಾಗಿ ಒಳಗಿಟ್ಟರೆ ದಾರಿ ಯಾವ ಕಡೆಗೆ ಇದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಬೆರಳು ಇದ್ದಂತೆಯೇ ಮೂತ್ರ ತಡೆಯುವಾಗ ಮಾಡುವಂತೆ ಒಮ್ಮೆ ಬಿಗಿದು, ಬಿಟ್ಟುನೋಡಿ. ಬಿಟ್ಟಾಗ ಸ್ನಾಯು ಹೇಗೆ ಸಡಿಲುತ್ತದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಬೇಕೆಂದಾಗ ಸಡಿಲಿಸಲು ಬರಬೇಕು, ಅದನ್ನು ಕಲಿಯಲು ಎರಡು ದಿನವಾದರೂ ಆಗಲಿ, ಎರಡು ತಿಂಗಳಾದರೂ ಆಗಲಿ.

ಟ್ಯಾಂಪನ್‌ಗಳಲ್ಲಿ ಎರಡು ಬಗೆ. ಒಂದು ಬೆರಳಿನಿಂದಲೇ ಇಡುವುದು, ಇನ್ನೊಂದು ಅಪ್ಲಿಕೇಟರ್ ಇರುವುದು, ಅಂದರೆ ಒಂದರೊಳಗೆ ಒಂದು ಜಾರುವ ಎರಡು ಕೊಳವೆಗಳು. ಈ ಕೊಳವೆಯ ಉಪಾಯಕ್ಕೆ ಅರ್ಲ್ ಹಾಸ್ ಎಂಬ ಅಮೆರಿಕದ ವೈದ್ಯ 1931ರಲ್ಲಿ ಪೇಟೆಂಟ್ ಕೋರಿದ್ದರು, ಇಂದಿಗೂ ಅದರ ಮೂಲ ರೂಪ ಅದೇ. ಮೊದಲ ಸಲಕ್ಕೆ ನುಣುಪಾದ ಪ್ಲಾಸ್ಟಿಕ್ ಅಪ್ಲಿಕೇಟರ್ ಇರುವುದು ಸುಲಭ ಎಂಬುದು ನನ್ನ ಅಭಿಪ್ರಾಯ. ತುದಿಗೆ ನೀರಿನ ಆಧಾರದ ಲೂಬ್ರಿಕೆಂಟ್ ಜೆಲ್ ಒಂದು ಹನಿ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ, ಎಣ್ಣೆ, ಪರಿಮಳದ ಕ್ರೀಮು ಬೇಡ. ಒಂದನ್ನು ಹಾಳುಮಾಡಿದರೂ ಸರಿ, ಮೊದಲು ಕೈಯಲ್ಲೇ ಕೊಳವೆ ತಳ್ಳಿ ಅದು ಹೇಗೆ ಹೊರಬರುತ್ತದೆ ನೋಡಿ. ಆಮೇಲೆ ಆ ಟ್ಯಾಂಪನ್ ಅನ್ನು ಒಂದು ಲೋಟ ನೀರಿನಲ್ಲಿ ಬಿಡಿ. ಅದು ನಿಧಾನವಾಗಿ ಉಬ್ಬುವುದನ್ನು ಕಣ್ಣಾರೆ ಕಂಡರೆ, ಒಣಗಿದ್ದಾಗ ಯಾಕೆ ತೆಗೆಯಬಾರದು ಎಂಬುದು ನನ್ನ ಮಾತಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಎರಡನೆಯ ದಿನ, ಅವಸರವಿಲ್ಲದ ಹೊತ್ತಿನಲ್ಲಿ, ಮೂತ್ರ ಮಾಡಿ ಬಂದು, ಕೈ ತೊಳೆದು, ಮಂಡಿ ಮಡಿಸಿ ಮಲಗಿ. ತಲೆತಿರುಗುವ ಭಯ ಇಲ್ಲದವರು ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟೋ ಕುಕ್ಕರುಗಾಲಿನಲ್ಲೋ ಮಾಡಬಹುದು. ಉದ್ದವಾಗಿ ಉಸಿರು ಬಿಡಿ, ಕಾಲ್ಬೆರಳುಗಳು ಮುದುಡಿವೆಯೇ ಗಮನಿಸಿ. ಒಂದು ಕೈಯಿಂದ ಯೋನಿಯ ತುಟಿಗಳನ್ನು ಸರಿಸಿ, ಉಸಿರು ಹೊರಹೋಗುತ್ತಿರುವಾಗಲೇ ಅಪ್ಲಿಕೇಟರ್ ಅನ್ನು ಸೊಂಟದ ಹಿಂಭಾಗದ ಕಡೆಗೆ ಓರೆಯಾಗಿ, ಹಿಡಿಕೆಯ ಗುರುತಿನವರೆಗೆ ಜಾರಿಸಿ. ಒಳಗಿನ ಕೊಳವೆಯನ್ನು ತಳ್ಳಿ, ಎರಡನ್ನೂ ಹೊರತೆಗೆಯಿರಿ. ದಾರ ಹೊರಗೆ ಇರಬೇಕು. ಎದ್ದು ನಡೆದಾಗ ಏನೂ ತಿಳಿಯದಿದ್ದರೆ ಸರಿಯಾಗಿ ಕುಳಿತಿದೆ. ಚುಚ್ಚಿದರೆ ಬೆರಳಿನಿಂದ ಇನ್ನಷ್ಟು ಒಳಗೆ ಸರಿಸಿ, ಆಗದಿದ್ದರೆ ತೆಗೆದುಬಿಡಿ. ತೆಗೆಯುವಾಗಲೂ ಅದೇ ಓರೆ, ಅದೇ ಉಸಿರು, ದಾರವನ್ನು ಮುಂದಕ್ಕೆ ಕೆಳಕ್ಕೆ ನಿಧಾನವಾಗಿ ಎಳೆಯಬೇಕು. ಎರಡು ಪ್ರಯತ್ನದಲ್ಲಿ ಆಗಲಿಲ್ಲವೆಂದರೆ ಆ ದಿನಕ್ಕೆ ಸಾಕು. ನೋವನ್ನು ಸಹಿಸಿಕೊಂಡು ತಳ್ಳಿದರೆ ಮುಂದಿನ ಸಲ ಸ್ನಾಯುಗಳು ಇನ್ನೂ ಮೊದಲೇ ಬಿಗಿಯುತ್ತವೆ.

ತೆಳುವಾದ ಟ್ಯಾಂಪನ್, ಜೆಲ್, ಸರಿಯಾದ ಕೋನ ಎಲ್ಲ ಇದ್ದೂ ಎರಡು ಮೂರು ತಿಂಗಳು ಆಗದಿದ್ದರೆ, ಅಥವಾ ಒಂದು ಬೆರಳೂ ಹೋಗದಿದ್ದರೆ ವೈದ್ಯರನ್ನು ಕಾಣಿರಿ. ಸ್ನಾಯುಗಳು ನಮ್ಮ ಹಿಡಿತ ಮೀರಿ ಬಿಗಿಯುವ ವಜಿನಿಸ್ಮಸ್ ಎಂಬ ಸ್ಥಿತಿ ಇರಬಹುದು. ಅದು ಮನಸ್ಸಿನ ಹಟವಲ್ಲ, ಫಿಸಿಯೊಥೆರಪಿ, ಹಂತಹಂತವಾಗಿ ಹಿಗ್ಗಿಸುವ ಅಭ್ಯಾಸ ಮತ್ತು ಆಪ್ತಸಲಹೆಯಿಂದ ಬಹುಮಟ್ಟಿಗೆ ಗುಣವಾಗುತ್ತದೆ. ಲೈಂಗಿಕ ಅನುಭವವಿಲ್ಲ ಎಂದು ಹೇಳಿದರೆ ಉಪಕರಣ ಹಾಕದೆ ಹೊರಗಿನಿಂದ ನೋಡಿಯೇ ಬಹಳಷ್ಟನ್ನು ತಿಳಿಯಬಹುದು. ಯಾವ ಹಂತದಲ್ಲಿ ಬೇಕಾದರೂ 'ನಿಲ್ಲಿಸಿ' ಎನ್ನುವ ಹಕ್ಕು ನಿಮ್ಮದು.

ಟ್ಯಾಂಪನ್ ಒಗ್ಗಲೇಬೇಕೆಂಬ ಕಡ್ಡಾಯವೂ ಇಲ್ಲ. ಯೋನಿಯೊಳಗೆ ಇಟ್ಟು ರಕ್ತವನ್ನು ಸಂಗ್ರಹಿಸುವ ಮೃದುವಾದ ಮುಟ್ಟಿನ ಕಪ್ ಹೆಚ್ಚು ಹೊತ್ತು ಇರುತ್ತದೆ, ಮರುಬಳಕೆಗೆ ಬರುತ್ತದೆ, ಯೋನಿಯನ್ನು ಒಣಗಿಸುವುದಿಲ್ಲ. ಆದರೆ ಮಡಿಸಿದಾಗಲೂ ತೆಳು ಟ್ಯಾಂಪನ್‌ಗಿಂತ ದಪ್ಪ, ತೆಗೆಯಲು ಬೆರಳುಗಳಿಗೆ ಇನ್ನಷ್ಟು ಪಳಗಿಕೆ ಬೇಕು. ಟಾಕ್ಸಿಕ್ ಶಾಕ್ ಅದರಿಂದಲೂ ಅಪರೂಪಕ್ಕೆ ಆಗಿದೆ. ಈಗಿನ ನಿಮ್ಮ ಸ್ಥಿತಿಯಲ್ಲಿ ಅದನ್ನು ಮೊದಲ ಆಯ್ಕೆಯಾಗಿ ಹೇಳಲಾರೆ. ಸ್ರಾವ ಕಡಿಮೆ ಇರುವ ದಿನಗಳಿಗೆ ರಕ್ತ ಹೀರುವ ಒಳಪದರವಿರುವ ಮುಟ್ಟಿನ ಈಜುಡುಗೆ ಸಾಕಾಗಬಹುದು. ಪ್ಯಾಡ್ ನೀರಿಗೆ ಇಳಿದ ಕ್ಷಣವೇ ನೀರನ್ನೇ ಹೀರಿ ಕೈಕೊಡುತ್ತದೆ. ನೀರಿನಲ್ಲಿ ಮುಟ್ಟು ನಿಲ್ಲುತ್ತದೆ ಎಂಬ ಮಾತನ್ನೂ ನಂಬಬೇಡಿ. ನೀರಿನ ಒತ್ತಡದಿಂದ ಹೊರಬರುವುದು ತುಸು ತಡೆಯುತ್ತದೆ ಅಷ್ಟೆ, ಮೆಟ್ಟಿಲು ಹತ್ತಿ ಮೇಲೆ ಬಂದೊಡನೆ ಇಳಿಯುತ್ತದೆ.

ಟ್ಯಾಂಪನ್ ನಿಮಗೆ ಒಗ್ಗಿದ ಮೇಲೆ, ತರಗತಿಗೆ ಸ್ವಲ್ಪ ಮೊದಲು ಹೊಸದನ್ನು ಇಟ್ಟು, ದಾರವನ್ನು ಈಜುಡುಗೆಯ ಒಳಕ್ಕೆ ಸೇರಿಸಿಕೊಳ್ಳಿ. ಮೇಲೆ ಬಂದ ಕೂಡಲೇ ಬದಲಿಸಿ, ಏಕೆಂದರೆ ಒದ್ದೆಯಾದ ದಾರ ಚರ್ಮಕ್ಕೆ ಉಜ್ಜಿ ತುರಿಸುತ್ತದೆ.